ತಾಟಿನ ಮುಂದಿನ ವಚನ

ವಿಜಯಪುರ
ಮಂಗಳವಾರ, 25 ಮಾರ್ಚ್ 2025

ಕೃಪಾವತಿಗೆ,

ನಿನ್ನ ತಾಯಿಯ ಆಶೀರ್ವಾದ. ಕರ್ತನು ನಿಮ್ಮ ಮೂವರನ್ನೂ ಕಾಯಲಿ. ಶಾಸ್ತ್ರ ಇಲ್ಲಿಗೆ ಮುಗಿಯಿತು. ನಾವು ಇತ್ತ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯಿರಿ ಅನ್ನುವುದನ್ನೆಲ್ಲ ಈ ಸಲ ಬಿಟ್ಟಿದ್ದೇನೆ. ನಾನು ಕ್ಷೇಮವಾಗಿಲ್ಲ, ಸಿಟ್ಟಿನಲ್ಲಿದ್ದೇನೆ, ಮತ್ತು ಆ ಸಿಟ್ಟು ನಿನ್ನ ಮೇಲೆ.

ಈ ಕಾಲದಲ್ಲಿ ಪತ್ರ ಯಾರು ಬರೆಯುತ್ತಾರೆ ಅಂತ ನಗಬೇಡ. ಮೊನ್ನೆ ರವಿವಾರ ಸಂಜೆ ಫೋನು ಮಾಡಿ ನೀನು ಆಡಿದ್ದು ಎರಡೇ ಮಾತು. "ಯವ್ವಾ, ನಿನ್ನ ಚರ್ಚಿಗೆ ನನ್ನ ಮಗಳು ಇನ್ನ ಕಾಲಿಡೂದಿಲ್ಲ. ಆ ಯಾದಿಯೊಳಗ ಆಕಿ ಹೆಸರು ಬರ್ಯಾಕ ಹೋಗಬ್ಯಾಡ." ನಾನು ಬಾಯಿ ತೆಗೆಯುವುದರೊಳಗೆ ಕಟ್. ಮತ್ತೆ ಹಚ್ಚಿದೆ, ಎತ್ತಲಿಲ್ಲ. ಪತ್ರವನ್ನು ಹಾಗೆ ನಡುವೆ ಕಟ್ ಮಾಡಲು ಬರುವುದಿಲ್ಲ. ಹರಿದು ಒಲೆಗೆ ಹಾಕಬಹುದು, ಆದರೆ ನಾನು ನಿನ್ನನ್ನು ಹೆತ್ತವಳು, ನೀನು ಪೂರ್ತಿ ಓದಿಯೇ ಹರಿಯುತ್ತೀ ಅಂತ ನನಗೆ ಗೊತ್ತು.

ವಿಷಯಕ್ಕೆ ಬರುತ್ತೇನೆ. ಗರಿಗಳ ರವಿವಾರ ಏಪ್ರಿಲ್ ಹದಿಮೂರಕ್ಕೆ. ಅಂದು ನಮ್ಮ ಸಭೆಯ ಆರು ಮಕ್ಕಳ ಸ್ಥಿರೀಕರಣ. ಎಳೆಗೂಸಾಗಿದ್ದಾಗ ತಂದೆತಾಯಿ ಕೊಟ್ಟ ಮಾತನ್ನು ಈಗ ತಾವೇ ಸಭೆಯ ಮುಂದೆ ಬಾಯಿಬಿಟ್ಟು ಹೇಳಿ, ಮೊದಲ ಸಲ ಕರ್ತನ ಭೋಜನಕ್ಕೆ ಕೈ ಒಡ್ಡುತ್ತಾರೆ. ಅವರ ಯಾದಿ ಬರುವ ರವಿವಾರ, ಮೂವತ್ತನೇ ತಾರೀಖಿಗೆ, ಚರ್ಚಿನ ಮೇಲಿನವರಿಗೆ ಹೋಗಬೇಕು. ಐದು ಹೆಸರು ಬರೆದಾಗಿದೆ. ಆರನೆಯದು ನಿನ್ನ ಮಗಳು ಗೀತಾಂಜಲಿಯದು. ಅದು ಯಾದಿಯಲ್ಲಿ ಬರುತ್ತದೋ ಇಲ್ಲವೋ ಎಂಬುದಷ್ಟೇ ಅಲ್ಲ, ಈ ಹದಿನಾಲ್ಕರ ಹುಡುಗಿ ಇನ್ನು ಜೀವಮಾನದಲ್ಲಿ ಚರ್ಚಿನ ಮೆಟ್ಟಿಲು ಹತ್ತುತ್ತಾಳೋ ಇಲ್ಲವೋ ಎಂಬುದೂ ಈ ವಾರ ನಿನ್ನ ಕೈಯಲ್ಲಿದೆ. ಆಮೇಲೆ ನನಗೆ ಯಾರೂ ಹೇಳಲಿಲ್ಲ ಅನ್ನಬೇಡ.

ನಿನಗೆ ಹುಡುಗಿ ಏನು ಹೇಳಿದಳೋ ನಾನರಿಯೆ. ನಡೆದದ್ದು ಇದು. ಮೊನ್ನೆ ಸ್ಥಿರೀಕರಣದ ಪರೀಕ್ಷೆ ಮಾಡಲು ಕೂತವರು ಮೂವರು. ಸಭೆಯ ಪಾದ್ರಿಗಳಾದ ಅಯ್ಯನವರು, ಹಿರಿಯರಾದ ಯಾಕೋಬಪ್ಪ, ಮತ್ತು ಮೂವತ್ತೊಂದು ವರ್ಷದಿಂದ ರವಿವಾರದ ಶಾಲೆಯ ಅಕ್ಕೋರಾದ ನಾನು. ಗೀತಾಂಜಲಿ ಹತ್ತು ಆಜ್ಞೆಗಳನ್ನು ಒಂದೇ ಉಸಿರಿಗೆ ಹೇಳಿದಳು. ವಿಶ್ವಾಸ ಪ್ರಮಾಣ ಹೇಳಿದಳು, ಅದರ ಅರ್ಥ ಕೇಳಿದ್ದಕ್ಕೂ ತಡವರಿಸಲಿಲ್ಲ. ಪರೀಕ್ಷೆಯೆಂದರೆ ತೂಕಡಿಕೆ ಎಂದುಕೊಂಡ ಯಾಕೋಬಪ್ಪನೂ ಎದ್ದು ನೆಟ್ಟಗೆ ಕೂತ. ನನ್ನ ಮೊಮ್ಮಗಳು ಅಂತ ನನ್ನ ಎದೆ ಉಬ್ಬಿತ್ತು, ಸುಳ್ಳು ಯಾಕೆ ಹೇಳಲಿ. ಕೊನೆಯ ಪ್ರಶ್ನೆ ಯಾವಾಗಲೂ ನನ್ನದು. ನಿನಗೆ ಬಹಳ ಹಿಡಿಸಿದ ವಚನ ಒಂದನ್ನು ಹೇಳು, ಯಾಕೆ ಹಿಡಿಸಿತು ಅಂತಲೂ ಹೇಳು ಎಂದೆ. ಅವಳು ಕೈ ಕಟ್ಟಿಕೊಂಡು, ನನ್ನ ಮುಖವನ್ನೇ ನೋಡುತ್ತ, ಆ ಮೂರು ಪದ ಹೇಳಿದಳು.

ಯಾವ ಮೂರು ಪದ ಅಂತ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಸ್ವಾಮಿ ತನ್ನ ಗೆಳೆಯನ ಸಮಾಧಿಗೆ ಹೋಗುವ ದಾರಿಯಲ್ಲಿ ಅತ್ತನೆಂಬ ವಚನ. ಇಡೀ ಸತ್ಯವೇದದಲ್ಲಿ ಅದಕ್ಕಿಂತ ಚಿಕ್ಕದಿಲ್ಲ. ವಾರವೆಲ್ಲ ಗೋಲಿಯಾಡಿ, ಏನೂ ಬಾಯಿಪಾಠ ಮಾಡದೆ ಬಂದ ಮಗು ಅಕ್ಕೋರ ಮುಂದೆ ನಿಂತು ಒದರುವುದು ಅದನ್ನೇ. ಅದಕ್ಕೆ ಮೈಗಳ್ಳರ ವಚನ ಎಂದು ಹೆಸರಿಟ್ಟವಳೇ ನಾನು. ನಮ್ಮ ಶಾಲೆಯಲ್ಲಿ ಅದನ್ನು ಹೇಳಿದರೆ ಪಾಠ ಮುಗಿಯುವವರೆಗೆ ನಿಂತಿರಬೇಕು. ಗೀತಾಂಜಲಿಗೂ ಇದು ಗೊತ್ತು. ಉಳಿದ ಐದು ಮಕ್ಕಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕಿಸಕ್ಕನೆ ನಕ್ಕವು.

ಬೇರೆ ಹೇಳು ಎಂದೆ. ಅವಕಾಶ ಕೊಡಲಿಲ್ಲ ಅಂತ ನೀನು ಹೇಳುವ ಹಾಗಿಲ್ಲ. "ನನಗ ಇದೊಂದ ಸಾಕು ಆಯಿ" ಅಂದಳು. ಇನ್ನೂ ಏನೋ ಹೇಳಿದಳು, ನಾನು ಕಾಗದ ನೋಡುತ್ತಿದ್ದೆ, ಸರಿಯಾಗಿ ಕಿವಿಗೆ ಬೀಳಲಿಲ್ಲ. ಅವಳ ಹೆಸರಿನ ಮುಂದೆ ಕೆಂಪು ಪೆನ್ನಿನಿಂದ 'ಮುಂದಿನ ವರ್ಷ' ಎಂದು ಬರೆದೆ. ಅಯ್ಯನವರು ಇರಲಿ ಬಿಡ್ರಿ ಅಕ್ಕೋರ ಅಂತ ಮೆಲ್ಲಗೆ ಹೇಳಿದರು. ನನ್ನ ಮೊಮ್ಮಗಳಿಗೆ ಒಂದು ನಿಯಮ, ಮಂದಿಯ ಮಕ್ಕಳಿಗೆ ಒಂದು ನಿಯಮ ಮಾಡಲು ನನಗೆ ಬರುವುದಿಲ್ಲ ಎಂದೆ. ಹುಡುಗಿ ಅಳಲಿಲ್ಲ. ಕುರ್ಚಿ ಮಡಚಿ ಗೋಡೆಗೆ ಇಟ್ಟು, ಚಪ್ಪಲಿ ಮೆಟ್ಟಿಕೊಂಡು, ನೆಟ್ಟಗೆ ಬಸ್ ಸ್ಟ್ಯಾಂಡಿಗೆ ನಡೆದಳು. ಅವಳಿಗೆ ಅಂತ ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಲೆ ಮಾಡಿಟ್ಟಿದ್ದೆ. ಅದು ಹಾಗೇ ಆರಿತು, ಸಂಜೆ ಪಕ್ಕದ ಮನೆಯ ಆಶಾಬಿಯ ಮಕ್ಕಳು ತಿಂದವು.

ಈಗ ಹೇಳು, ತಪ್ಪು ಯಾರದು? ನಾನು ಹೇಳುತ್ತೇನೆ, ನಿನ್ನದು. ನಿನ್ನ ಮನೆಯಲ್ಲಿ ರವಿವಾರ ಅಂದರೆ ಬಟ್ಟೆ ಒಗೆಯುವ ದಿನ. ನೀನು ಟಿಕೋಟಾದ ಆಸ್ಪತ್ರೆಯಲ್ಲಿ ನರ್ಸು, ನಿನಗೆ ಡ್ಯೂಟಿ. ಶಾಂತಪ್ಪ ಬಸ್ಸಿನ ಡ್ರೈವರು, ಅವನಿಗೂ ಡ್ಯೂಟಿ. ಅಳಿಯ ಒಳ್ಳೆಯವನೇ, ಅವನ ಬಗ್ಗೆ ನನ್ನದೇನೂ ಇಲ್ಲ, ಚರ್ಚಿನ ಮುಂದೆ ಬಸ್ಸು ಹಾಯುವಾಗ ಹಾರ್ನ್ ಹೊಡೆಯುವುದೇ ಅವನ ಆರಾಧನೆ. ನಿನ್ನ ಮನೆಯಲ್ಲಿ ಪ್ರಾರ್ಥನೆ ಇಲ್ಲ, ಓದು ಇಲ್ಲ, ಊಟಕ್ಕೆ ಮುಂಚೆ ಒಂದು ವಚನವಿಲ್ಲ, ತಾಟು ಹಿಡಿದು ಟಿವಿ ಮುಂದೆ ಕೂಡುವ ಸಂಸಾರ. ಇಂಥ ಮನೆಯಲ್ಲಿ ಬೆಳೆದ ಮಗು ಪರೀಕ್ಷೆಯಲ್ಲಿ ಮೈಗಳ್ಳರ ವಚನ ಹೇಳದೆ ಇನ್ನೇನು ಹೇಳೀತು?

ನನಗೆ ಇದು ಹೊಸದಲ್ಲ. 2009ರ ಕ್ರಿಸ್ಮಸ್ಸಿನಲ್ಲಿ ರವಿವಾರದ ಶಾಲೆಯ ಫೋಟೋ ತೆಗೆಸಿದ್ದೆವು, ಗೋಡೆಯ ಮೇಲೆ ಈಗಲೂ ಇದೆ. ಹತ್ತೊಂಬತ್ತು ಮಕ್ಕಳು. ಎಲ್ಲರಿಗೂ ನೂರು ನೂರು ವಚನ ಬಾಯಿಪಾಠ. ಇವತ್ತು ಅವರಲ್ಲಿ ಚರ್ಚಿಗೆ ಬರುವವರು ಮೂರು ಮಂದಿ. ಉಳಿದವರು ಕ್ರಿಸ್ಮಸ್ಸಿಗೆ ಹೊಸ ಬಟ್ಟೆ ಹಾಕಿಕೊಂಡು ಬಂದು, ಕೇಕು ತಿಂದು, ಸೆಲ್ಫಿ ಹೊಡೆದುಕೊಂಡು ಹೋಗುತ್ತಾರೆ. ಯುವಕರ ಸಂಘದವರು ಗಿಟಾರು ತಂದರು, ಪಿಕ್ನಿಕ್ಕಿಗೆ ಕರೆದುಕೊಂಡು ಹೋದರು. ಗಿಟಾರಿಗೆ ಬಂದವರು ಗಿಟಾರಿನ ಜೊತೆಗೇ ಹೋದರು. ತಂದೆತಾಯಿಗಳನ್ನು ಕೇಳಿದರೆ ಟ್ಯೂಷನ್ ಅದ ಅಕ್ಕೋರ, ಪರೀಕ್ಷೆ ಅದ ಅಕ್ಕೋರ. ಮನೆಯಲ್ಲಿ ಆರು ದಿನ ಕೆಡಿಸಿದ್ದನ್ನು ನಾನು ಏಳನೆಯ ದಿನ ಒಂದು ತಾಸಿನಲ್ಲಿ ರಿಪೇರಿ ಮಾಡಬೇಕು. ನಂಬಿಕೆ ಉಳಿಯುವುದು ಮನೆಯಲ್ಲಿ, ತಾಟಿನ ಮುಂದೆ. ಇದನ್ನು ನಾನು ಎಲ್ಲ ಕಡೆ ಹೇಳುತ್ತ ಬಂದಿದ್ದೇನೆ.

ತಾಟಿನ ಮಾತು ಬಂತು. ನೀನು ಹಲ್ಲು ಕಡಿಯುತ್ತಿರುತ್ತೀ, ಗೊತ್ತು. ಆದರೂ ಬರೆಯುತ್ತೇನೆ.

ನಮ್ಮ ಮನೆಗೆ ಆ ಪದ್ಧತಿ ತಂದವಳು ನಿನ್ನ ಅಪ್ಪನ ತಾಯಿ. ಸಂಜೆಯ ಊಟಕ್ಕೆ ಎಲ್ಲರೂ ಕೂಡಬೇಕು, ತಾಟು ಬಡಿಸಿಟ್ಟಿರಬೇಕು, ಒಬ್ಬೊಬ್ಬರಾಗಿ ಒಂದೊಂದು ವಚನ ಹೇಳಬೇಕು. ನಿನ್ನೆ ಹೇಳಿದ್ದು ಇವತ್ತು ನಡೆಯುವುದಿಲ್ಲ. ಎಲ್ಲರೂ ಹೇಳುವ ತನಕ ರೊಟ್ಟಿ ಮುರಿಯುವಂತಿಲ್ಲ. ಅಕ್ಷರ ಬಾರದ ಮುದುಕಿ, ಕೇಳಿ ಕೇಳಿಯೇ ನಾನೂರು ವಚನ ಕಲಿತಿದ್ದಳು. ನಾನು ಸೊಸೆಯಾಗಿ ಬಂದ ಮೊದಲ ದಿನ ನಾಚಿಕೆಯಿಂದ ಆ ಮೂರು ಪದ ಹೇಳಿದ್ದೆ. ಸರಕಾರಿ ಶಾಲ್ಯಾಗ ಕಲಿಸೂ ಅಕ್ಕೋರಿಗೆ ಇಷ್ಟೇ ಬರತೈತೇನು ಅಂತ ಮಂದಿಯ ಮುಂದೆ ನಕ್ಕಳು. ಆ ನಗು ನನಗೆ ಚುಚ್ಚಿತು. ಆಮೇಲೆ ಮೂರು ಪದದ ವಚನವನ್ನು ಮನೆಯಿಂದಲೂ ರವಿವಾರದ ಶಾಲೆಯಿಂದಲೂ ಹೊರಗೆ ಹಾಕಿದೆ.

ನಿನ್ನ ಸಿಟ್ಟು 1998ರ ಆಗಸ್ಟಿನದು. ನೀನು ಬಾಯಿಬಿಟ್ಟು ಒಂದು ಸಲವೂ ಹೇಳಿಲ್ಲ, ಆದರೆ ಮದುವೆಯಾದಾಗಿನಿಂದ ನನ್ನ ಮನೆಗೆ ಬಂದಾಗಲೆಲ್ಲ ಐದು ಗಂಟೆಯ ಬಸ್ಸಿಗೆ ಅಂತ ಎದ್ದು ಹೋಗುತ್ತೀ. ಸಂಜೆಯ ತಾಟಿಗೆ ಒಮ್ಮೆಯೂ ಕೂತಿಲ್ಲ. ನಿನ್ನ ಅಪ್ಪ ತೀರಿಕೊಂಡ ವಾರದಲ್ಲೂ ಐದರ ಬಸ್ಸು ನಿನಗೆ ತಪ್ಪಲಿಲ್ಲ.

ನಿನ್ನ ತಮ್ಮ ಶಮ್ಮುವಿಗೆ ಏಳು ವರ್ಷ, ನಿನಗೆ ಹನ್ನೆರಡು. ನಾಲ್ಕು ದಿನದ ಜ್ವರದಲ್ಲಿ ಹೋದ. ಮಣ್ಣು ಮಾಡಿ ಮೂರನೆಯ ದಿನ ಬೀಗರು ನೆಂಟರು ಎಲ್ಲ ಊರಿಗೆ ಹೊರಟರು. ಅಂದು ಸಂಜೆ ನಮ್ಮ ಒಲೆ ನಾವೇ ಹೊತ್ತಿಸಿದೆವು. ನಾನು ರೊಟ್ಟಿ ಬಡಿದು ತಾಟು ಹಾಕಿದೆ. ನಾಲ್ಕು ತಾಟು ಹಾಕಿದ್ದೆ. ನಿನ್ನ ಅಪ್ಪ ಒಂದನ್ನು ಸದ್ದಿಲ್ಲದೆ ತೆಗೆದು ಒಳಗೆ ಇಟ್ಟು ಬಂದರು. ನಾನು ವಚನ ಹೇಳಿರಿ ಎಂದೆ. ಇವತ್ತೊಂದು ದಿನ ಬಿಡು ಎಂದರು ಅವರು. ಬಿಡಲಿಲ್ಲ. ಇವತ್ತು ಬಿಟ್ಟರೆ ಈ ಮನೆಯಲ್ಲಿ ಇನ್ನು ಯಾರೂ ಎಂದಿಗೂ ಹೇಳುವುದಿಲ್ಲ ಅಂತ ನನಗೆ ಹೆದರಿಕೆ ಇತ್ತು. ಅದು ಹೆದರಿಕೆ ಅಂತ ಇವತ್ತು ಬರೆಯುತ್ತಿದ್ದೇನೆ, ಅಂದು ಅದಕ್ಕೆ ನಂಬಿಕೆ ಎಂದು ಹೆಸರಿಟ್ಟಿದ್ದೆ. ಅಪ್ಪ ಏನೋ ಒಂದು ಹೇಳಿದರು. ನಿನ್ನ ಸರದಿ ಬಂತು. ನೀನು ಆ ಮೂರು ಪದ ಹೇಳಿದೆ.

"ಅದು ನಡ್ಯಾಂಗಿಲ್ಲ. ಬ್ಯಾರೆ ಹೇಳು" ಎಂದೆ. ನೀನು ಮತ್ತೆ ಅದನ್ನೇ ಹೇಳಿದೆ, ಜೋರಾಗಿ. ನಾನು ನಿನ್ನ ತಾಟು ಎತ್ತಿಕೊಂಡು ಒಳಗೆ ಹೋದೆ.

ಮರುದಿನದಿಂದ ನೀನು ನಮ್ಮ ಜೊತೆ ತಾಟಿಗೆ ಕೂಡಲಿಲ್ಲ. ನಾವು ಉಂಡಾದ ಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡೇ ಉಣ್ಣುತ್ತಿದ್ದೆ. ಮದುವೆಯಾಗಿ ಹೋಗುವ ತನಕ, ಹನ್ನೊಂದು ವರ್ಷ. ಒಂದು ವಚನ ಹೇಳಿ ಕೂಡಬಾರದಿತ್ತೇ? ಎಂಥ ಹಟದ ಹುಡುಗಿ ನೀನು. ನಾನೂ ಹಟದವಳೇ, ಇಲ್ಲ ಅನ್ನುವುದಿಲ್ಲ. ಆದರೆ ಹನ್ನೆರಡರ ಹುಡುಗಿಗೆ ಅಷ್ಟು ಹಟ ಯಾಕಿರಬೇಕು?

ಇನ್ನೊಂದು ಮಾತು. ಇದು ನಿನಗೆ ಈಗಾಗಲೇ ಗೊತ್ತು, ಗೀತಾಂಜಲಿ ಹೇಳಿರುತ್ತಾಳೆ. ಆದರೆ ನನ್ನ ಕೈಯಿಂದ ಬರೆಸದೆ ನೀನು ಬಿಡುವವಳಲ್ಲ. ಫೆಬ್ರುವರಿಯಲ್ಲಿ ಬಬಲೇಶ್ವರದಲ್ಲಿ ಅಕ್ಕೋರುಗಳಿಗೆ, ತಂದೆತಾಯಿಗಳಿಗೆ ಒಂದು ದಿನದ ಕೂಟವಿತ್ತು. ಮಕ್ಕಳು ದೊಡ್ಡವರಾದ ಮೇಲೂ ನಂಬಿಕೆಯಲ್ಲಿ ಉಳಿಯಬೇಕಾದರೆ ಮನೆಯಲ್ಲಿ ಏನು ಮಾಡಬೇಕು ಎಂಬ ವಿಷಯಕ್ಕೆ ನನ್ನದೇ ಉಪನ್ಯಾಸ. ಗೀತಾಂಜಲಿ ನನ್ನ ಚೀಲ ಹಿಡಿದುಕೊಂಡು ಜೊತೆಗೆ ಬಂದಿದ್ದಳು. ಅಲ್ಲಿ ನಾನು ಒಂದು ಮನೆಯ ಕಥೆ ಹೇಳಿದೆ. ಮಗ ಸತ್ತ ಮೂರನೆಯ ದಿನ ಮಗಳು ಮೈಗಳ್ಳರ ವಚನ ಹೇಳಿದ್ದು, ತಾಯಿ ತಾಟು ಎತ್ತಿದ್ದು. ಮರುದಿನ ಬೆಳಿಗ್ಗೆ ಆ ಮಗಳು ತಾನಾಗಿ ಬಂದು, ತಾಯಿಯ ಕಾಲು ಮುಟ್ಟಿ, ಒಂದು ಇಡೀ ಕೀರ್ತನೆಯನ್ನು ಬಾಯಿಪಾಠ ಒಪ್ಪಿಸಿದಳು ಎಂದು ಹೇಳಿದೆ. ಇವತ್ತು ಅವಳ ಸಂಸಾರ ದೇವಭಕ್ತಿಯಲ್ಲಿ ಗಟ್ಟಿಯಾಗಿ ನಿಂತಿದೆ ಎಂದೆ. ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಮೊದಲ ಸಲ ಹೇಳಿದ್ದಲ್ಲ ಅದು. ಹತ್ತು ಹನ್ನೆರಡು ಕೂಟಗಳಲ್ಲಿ ಹೇಳಿದ್ದೇನೆ. ಮೊದಲ ಸಲ ಹೇಳುವಾಗ ಸುಳ್ಳೆಂದು ಗೊತ್ತಿತ್ತು. ಹೇಳುತ್ತ ಹೇಳುತ್ತ ಹಾಗೇ ನಡೆದಿತ್ತೇನೋ ಎಂದು ನನಗೂ ಅನ್ನಿಸತೊಡಗಿತ್ತು. ಮಂದಿಗೆ ಉದಾಹರಣೆ ಬೇಕು, ಗೆದ್ದ ಉದಾಹರಣೆ ಬೇಕು. ಸೋತ ಮನೆಯ ಕಥೆ ಯಾರು ಬರೆದುಕೊಳ್ಳುತ್ತಾರೆ? ಇದು ಸಮರ್ಥನೆಯಲ್ಲ. ಸಮರ್ಥನೆಯೇ ಇರಬಹುದು, ಓದಿ ನೀನೇ ತಿಳಿದುಕೋ.

ವಾಪಸು ಬರುವಾಗ ಜೀಪಿನಲ್ಲಿ ಗೀತಾಂಜಲಿ ಆ ಹುಡುಗಿ ಯಾರು ಆಯಿ ಅಂತ ಕೇಳಿದಳು. ನಿನಗೆ ಗೊತ್ತಿಲ್ಲದವರು ಎಂದೆ. ಆಮೇಲೆ ವಿಜಯಪುರ ಬರುವ ತನಕ ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು. ಅವಳು ಮನೆಗೆ ಬಂದು ನಿನ್ನನ್ನು ಕೇಳಿರುತ್ತಾಳೆ, ನೀನು ಹೇಳಿರುತ್ತೀ. ಹೇಳಬಾರದಿತ್ತು ಅನ್ನುವ ಬಾಯಿ ನನಗಿಲ್ಲ.

ಇಷ್ಟೆಲ್ಲ ಬರೆದ ಮೇಲೆ ಇನ್ನೊಂದನ್ನು ಮುಚ್ಚಿಟ್ಟು ಉಪಯೋಗವಿಲ್ಲ. ಪರೀಕ್ಷೆಯಲ್ಲಿ ಅವಳು ಹೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. ಒಂದೊಂದು ಮಾತೂ ಬಿದ್ದಿದೆ. ಯಾಕೆ ಹಿಡಿಸಿತು ಅಂತ ನಾನೇ ಕೇಳಿದ್ದೆ, ಅವಳು ಉತ್ತರ ಕೊಟ್ಟಳು. "ನಮ್ಮವ್ವ ದಿನಾ ಸಂಜೀಕ ರೊಟ್ಟಿ ಬಡಿಯೂ ಮುಂದ ಇದೊಂದ ವಚನ ಅಂತಾಳ್ರಿ. ನಾ ಸಣ್ಣಾಕಿ ಇದ್ದಾಗಿಂದ ಕೇಳೇನಿ. ಯಾಕಬೇ ಅಂತ ಕೇಳಿದ್ರ, ಶಮ್ಮು ಮಾಮಾ ಹೋದಾಗ ನಮ್ಮ ಮನ್ಯಾಗ ಯಾರಿಗೂ ಅಳಾಕ ಬಿಡಲಿಲ್ಲ, ದೇವರೊಬ್ಬನ ಅತ್ತಾನ ಅಂದ್ಲು. ಅಳೂ ದೇವರು ಅಂದ್ರ ನನಗ ಸೇರತಾನ್ರಿ. ಅದಕ್ಕ ನಾ ಇಲ್ಲಿ ಬರಾಕತ್ತೇನಿ."

ಅಯ್ಯನವರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. ನಗುತ್ತಿದ್ದ ಮಕ್ಕಳು ಬಾಯಿಗಿಟ್ಟ ಕೈ ಇಳಿಸಿದವು. ನಾನು ಕೆಂಪು ಪೆನ್ನು ತೆಗೆದುಕೊಂಡು 'ಮುಂದಿನ ವರ್ಷ' ಎಂದು ಬರೆದೆ. ಕೇಳಿಸಿಕೊಂಡೇ ಬರೆದೆ. ಆಗ ನನ್ನ ಕಣ್ಣಿಗೆ ಗೀತಾಂಜಲಿ ಕಾಣಲಿಲ್ಲ. ಹನ್ನೆರಡರ ನೀನು ಮತ್ತೆ ಎದುರಿಗೆ ಬಂದು, ಎರಡನೆಯ ಸಲ, ಜೋರಾಗಿ ಹೇಳುತ್ತಿದ್ದೆ. ನಾನು ಮತ್ತೆ ತಾಟು ಎತ್ತಿದೆ.

ಆದರೆ ನೀನು ಮಾಡಿದ್ದೂ ಸಣ್ಣ ತಪ್ಪಲ್ಲ. ಕೇಳು. ಕಳೆದ ಜೂನಿನಲ್ಲಿ ಈ ಹುಡುಗಿ ಟಿಕೋಟಾದಿಂದ ಒಬ್ಬಳೇ ಬಸ್ಸು ಹತ್ತಿ, ನೋಟುಬುಕ್ಕು ಹಿಡಿದುಕೊಂಡು ನನ್ನ ರವಿವಾರದ ಶಾಲೆಗೆ ಬಂದಾಗ ನಾನು ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದೆ. ಮಗಳ ಮನೆ ಬರಡು, ಆದರೂ ನನ್ನ ಪ್ರಾರ್ಥನೆಗೆ ಮೊಮ್ಮಗಳು ಚಿಗುರಿದಳು ಅಂತ. ಮಂದಿ ಹಲ್ಲೆಲೂಯ ಎಂದರು. ಆ ಹೊತ್ತಿಗೆ ಹದಿನಾಲ್ಕು ವರ್ಷದಿಂದ ನಿನ್ನ ಒಲೆಯ ಮುಂದೆ ಅದು ನಡೆಯುತ್ತಿತ್ತು. ನನಗೆ ಒಂದು ಮಾತು ಹೇಳಬಹುದಿತ್ತು. ನನ್ನ ಮಗಳು ದೇವರನ್ನೇ ಬಿಟ್ಟಳು, ಅದಕ್ಕೆ ನಾನೇ ಕಾರಣ ಎಂದುಕೊಂಡು ನಾನು ಇಷ್ಟು ವರ್ಷ ಬದುಕುವುದನ್ನು ನೀನು ಕೂತು ನೋಡಿದೆ. ನಾನು ನಿನ್ನ ಒಂದು ಹೊತ್ತಿನ ತಾಟು ಎತ್ತಿದೆ. ನೀನು ಇಪ್ಪತ್ತೇಳು ವರ್ಷ ನನಗೆ ಬಡಿಸಲೇ ಇಲ್ಲ. ಲೆಕ್ಕ ಯಾರದು ದೊಡ್ಡದು ಅಂತ ಮೇಲೆ ಹೋದ ಮೇಲೆ ಕೇಳೋಣ.

ಮೊನ್ನೆ ನೀನು ಫೋನು ಕಟ್ ಮಾಡಿದ ಮೇಲೆ ಈ ತಿಂಗಳ ಡಬ್ಬಿ ಬರುವುದಿಲ್ಲ ಎಂದುಕೊಂಡಿದ್ದೆ. ಕರ್ತನ ಭೋಜನದ ರಸಕ್ಕೆ ಒಣದ್ರಾಕ್ಷಿ ನೆನೆಸಿ, ಕುದಿಸಿ, ಸೋಸುವುದು ನನ್ನ ಪಾಲಿನ ಕೆಲಸ. ಹದಿನಾರು ವರ್ಷದಿಂದ ಆ ದ್ರಾಕ್ಷಿ ತಿಂಗಳು ತಿಂಗಳು ನಿನ್ನ ಮನೆಯಿಂದ ಸ್ಟೀಲಿನ ಡಬ್ಬಿಯಲ್ಲಿ, ಶಾಂತಪ್ಪನ ಬಸ್ಸಿನಲ್ಲಿ ಬರುತ್ತದೆ. ಒಂದು ತಿಂಗಳೂ ತಪ್ಪಿಲ್ಲ. ಯಾರು ಕೊಟ್ಟದ್ದು ಎಂದು ಸಭೆಯವರು ಕೇಳಿದರೆ ಟಿಕೋಟಾದವರು ಒಬ್ಬರು ಅನ್ನುತ್ತಿದ್ದೆ, ನಿನ್ನ ಹೆಸರು ಹೇಳುತ್ತಿರಲಿಲ್ಲ. ಚರ್ಚಿಗೆ ಬಾರದವಳ ದ್ರಾಕ್ಷಿ ಎಂದರೆ ಎಲ್ಲಿ ಬೇಡ ಅನ್ನುತ್ತಾರೋ ಅಂತ. ಅದೂ ಸುಳ್ಳೇ. ನಿನ್ನ ಹೆಸರು ಹೇಳಿದರೆ ನನ್ನ ಬರಡು ಮನೆಯ ಕಥೆ ಕೆಡುತ್ತಿತ್ತು.

ನಿನ್ನೆ ಮಧ್ಯಾಹ್ನ ಶಾಂತಪ್ಪ ಬಾಗಿಲಿಗೆ ಬಂದು, "ತಗೊಳ್ರಿ ಅತ್ತಿ, ನಿಮ್ಮ ಮಗಳು ಕೊಟ್ಟಾಳ" ಅಂತ ಡಬ್ಬಿ ಇಟ್ಟು ಹೋದ. ತೆರೆದು ನೋಡಿದೆ. ನೀನು ಕಡ್ಡಿ ಬಿಡಿಸಿ, ಒಂದೊಂದನ್ನೂ ಆರಿಸಿ ಇಟ್ಟಿದ್ದೆ, ಎಂದಿನಂತೆ. ಅಷ್ಟು ಸಿಟ್ಟಿನಲ್ಲೂ ಆರಿಸಿದ್ದೀಯಲ್ಲ ಅಂತ ನನಗೆ ಇನ್ನಷ್ಟು ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಈ ಪತ್ರ ಹಿಡಿದು ಕೂತೆ.

ಈಗ ಮಾಡಬೇಕಾದ್ದು ಹೇಳುತ್ತೇನೆ. ಇವತ್ತು ಬೆಳಿಗ್ಗೆ ಅಯ್ಯನವರ ಮನೆಗೆ ಹೋಗಿದ್ದೆ. ಪರೀಕ್ಷೆಯ ಕಾಗದದಲ್ಲಿ ನಾನು ಬರೆದದ್ದನ್ನು ನಾನೇ ಹೊಡೆದು ಹಾಕಿ ಸಹಿ ಮಾಡಿದ್ದೇನೆ. ಬಬಲೇಶ್ವರದಲ್ಲಿ ಹೇಳಿದ ಕಥೆಯ ಕೊನೆ ಸುಳ್ಳೆಂದು ಅವರಿಗೆ ಹೇಳಿದ್ದೇನೆ. ರವಿವಾರ ಆರಾಧನೆಯಾದ ಮೇಲೆ ಸಭೆಗೂ ಹೇಳುತ್ತೇನೆ. ಅವರು ಬೇಕಾಗಿಲ್ಲ ಅಕ್ಕೋರ ಎಂದರು, ಬೇಕೋ ಬೇಡವೋ ನನಗೆ ಬಿಡಿ ಎಂದು ಬಂದೆ. ಆದರೆ ಗೀತಾಂಜಲಿಯ ಹೆಸರು ಬರೆಯಲು ಅಯ್ಯನವರು ಒಪ್ಪಲಿಲ್ಲ. ಹುಡುಗಿ ತಾನಾಗಿ ಬಂದು ಬರೀರಿ ಅಂದರೆ ಬರೀತೇವಿ, ಆಯಿ ಹೇಳಿದಳು ಅಂತ ಬರೆಯೂದಿಲ್ಲ ಎಂದರು. ಸಣ್ಣ ವಯಸ್ಸಿನವರಾದರೂ ಈ ಒಂದು ಮಾತು ಸರಿಯಾಗಿ ಹೇಳಿದರು. ಅದಕ್ಕೆ ಅವಳನ್ನು ಕಳಿಸು. ಕಳಿಸುವುದೂ ಬೇಡ, ಈ ಪತ್ರ ಅವಳಿಗೆ ಓದಲು ಕೊಡು, ಬರುವುದು ಬಿಡುವುದು ಅವಳಿಗೆ ಬಿಡು. ನನ್ನ ಮೇಲಿನ ಸಿಟ್ಟಿಗೆ ದೇವರ ಮೇಲೆ ಬಾಗಿಲು ಹಾಕಬೇಡ ಅಂತ ಮಾತ್ರ ಹೇಳು. ನಿನ್ನ ಬಾಯಿಂದ ಆ ಮಾತು ನಡೆಯುತ್ತದೆ, ನೀನು ಆ ಬಾಗಿಲು ಹಾಕಿಲ್ಲ.

ಇದನ್ನೆಲ್ಲ ಓದಿ ನಾನು ಮೆತ್ತಗಾಗಿದ್ದೇನೆ ಎಂದುಕೊಳ್ಳಬೇಡ. ಮಕ್ಕಳಿಗೆ ವಚನ ಬಾಯಿಪಾಠ ಬರಬೇಕು, ಟಿವಿ ಮುಂದೆ ಉಣ್ಣಬಾರದು, ಫೋನು ನಡುವೆ ಕಟ್ ಮಾಡಬಾರದು. ಈ ಮೂರರಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ.

ಡಬ್ಬಿ ತೊಳೆದು ಒಣಗಿಸಿದ್ದೇನೆ. ಈ ಪತ್ರ ಅದರೊಳಗಿಟ್ಟು ಶಾಂತಪ್ಪನ ಕೈಗೆ ಕೊಡುತ್ತೇನೆ.

ಇಂತಿ,
ನಿನ್ನ ಮೇಲೆ ಇನ್ನೂ ಸಿಟ್ಟಿರುವ ತಾಯಿ,
ಮಾರ್ಥವ್ವ

ತಾ.ಕ.: ಅಂದು ನಿನ್ನ ತಾಟು ಒಳಗಿಟ್ಟು ಬಂದು ಕೂತೆ. ಇನ್ನು ಉಳಿದದ್ದು ನನ್ನ ಸರದಿ. ನಿನ್ನ ಅಪ್ಪ ನನ್ನ ಮುಖ ನೋಡಿದರು. ಮಂದಿಯ ಮಕ್ಕಳಿಗೆಲ್ಲ ಬಾಯಿಪಾಠ ಮಾಡಿಸಿದ ನನಗೆ ಒಂದೂ ನೆನಪಾಗಲಿಲ್ಲ. ಬಾಯಲ್ಲಿದ್ದದ್ದು ಆ ಮೂರೇ ಪದ, ಅವುಗಳಿಗಾಗಿಯೇ ನಾನು ಈಗಷ್ಟೇ ನಿನ್ನ ತಾಟು ಎತ್ತಿ ಬಂದಿದ್ದೆ. ಸುಮ್ಮನೆ ಕೂತೆ. ಆಗ ನಿನ್ನ ಅಪ್ಪ ನನ್ನ ಪಾಲಿನದನ್ನೂ ತಾವೇ ಹೇಳಿದರು. ಮರುದಿನವೂ ಹೇಳಿದರು. ಸಾಯುವ ತನಕ ದಿನಾ ಎರಡು ಹೇಳುತ್ತಿದ್ದರು, ನೀನು ಅಡುಗೆಮನೆಯಲ್ಲಿ ನಿಂತು ಕೇಳಿರಬೇಕು. ಅಪ್ಪನಿಗೆ ಭಕ್ತಿ ಹೆಚ್ಚು ಎಂದುಕೊಂಡಿರುತ್ತೀ. ಶಾಲೆಯಲ್ಲಿ ವಚನ ಕಲಿಸುತ್ತ ಬಂದೆ, ತಾಟಿನ ಮುಂದೆ ಮಾತ್ರ ಅಂದಿನಿಂದ ಇವತ್ತಿನವರೆಗೆ ನಾನು ಒಂದೂ ಹೇಳಿಲ್ಲ. ನಿನ್ನೆ ಸಂಜೆ ಆ ಮೂರನ್ನು ಹೇಳಲು ನೋಡಿದೆ. ಎರಡರ ತನಕ ಬಂತು, ಮೂರನೆಯದು ಬರಲಿಲ್ಲ. ರವಿವಾರ ಸಂಜೆ ಮೂರು ತಾಟು ಹಾಕುತ್ತೇನೆ, ನಿನಗೆ, ಗೀತಾಂಜಲಿಗೆ, ನನಗೆ. ಟಿಕೋಟಾಕ್ಕೆ ರಾತ್ರಿ ಎಂಟೂವರೆಗೂ ಒಂದು ಬಸ್ಸು ಇದೆಯಂತೆ, ಶಾಂತಪ್ಪನನ್ನು ಕೇಳಿದ್ದೇನೆ.